ವರ್ನಾಳ ಸೌಟು ಮತ್ತು ಹಳದಿ ಬಿಲ್ಲೆಯ ಕರಡಿ

ವರ್ನಾ ಟ್ಯಾಕೆಟ್ ಎದುರಿಗೆ ಹಸಿವಿಲ್ಲ ಎಂದು ಹೇಳಿ ಪಾರಾದವರು ಆ ಕಣಿವೆಯಲ್ಲಿ ಯಾರೂ ಇಲ್ಲ. ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲಿನ ಊರೊಂದರ ಶಾಲೆಯಲ್ಲಿ ಅವಳು ಅರ್ಧ ಆಯುಸ್ಸು ಅಡುಗೆ ಮಾಡಿ ಬಡಿಸಿದವಳು. ಗಣಿ ಮುಚ್ಚಿದ ಕಾಲದಲ್ಲಿ ಯಾವ ಮಗು ಬೆಳಗಿನಿಂದ ಏನೂ ತಿಂದಿಲ್ಲ ಎಂಬುದು ಅವಳಿಗೆ ಮುಖ ನೋಡಿದರೇ ತಿಳಿಯುತ್ತಿತ್ತು. ಅಂಥ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಬೀಳುತ್ತಿತ್ತು. ಹೆಡ್‌ಮಾಸ್ತರರು ಗೊಣಗಿದರೆ, 'ಸಾಕು ಅಂತ ಆ ಮಗೂಗೆ ನೀವೇ ಹೇಳಿ ಸಾರ್, ನನ್ನ ಬಾಯಲ್ಲಿ ಬರಲ್ಲ' ಎಂದು ಸೌಟನ್ನು ಅವರ ಕೈಗೇ ಕೊಡಲು ಹೋಗುತ್ತಿದ್ದಳು. ನಿವೃತ್ತಿಯ ದಿನ ಆ ಸೌಟನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು ಮನೆಗೆ ತಂದಳು. ಯಾರೂ ವಾಪಸು ಕೇಳಲಿಲ್ಲ.

ಸುಮ್ಮನೆ ಕೂತರೆ ತುಕ್ಕು ಹಿಡಿಯುತ್ತೇನೆ ಎಂದು ಅವಳು ಮೇಲಿನ ಬೆಟ್ಟದ ಸ್ಟೇಟ್ ಪಾರ್ಕಿನಲ್ಲಿ ಕ್ಯಾಂಪ್ ನೋಡಿಕೊಳ್ಳುವ ಕೆಲಸಕ್ಕೆ ಒಪ್ಪಿಕೊಂಡಳು. ಸಂಬಳವಿಲ್ಲ, ಟ್ರೈಲರ್ ಮನೆ ನಿಲ್ಲಿಸಿಕೊಳ್ಳಲು ಜಾಗ ಪುಕ್ಕಟೆ. ಟೆಂಟ್ ಹಾಕಲು ಬಂದವರಿಗೆ ಸೌದೆ ಎಲ್ಲಿ, ನೀರು ಎಲ್ಲಿ ಎಂದು ಹೇಳುವುದು, ಸಂಜೆಯಾದರೆ ಕರಡಿಗೆ ಸಿಗದಂತೆ ತಿಂಡಿ ತೀರ್ಥವನ್ನೆಲ್ಲ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಚಿಲಕ ಹಾಕಿಸುವುದು, ಇಷ್ಟೇ. ಜನ್ಮವಿಡೀ 'ತಿನ್ನಿ, ತಿನ್ನಿ' ಎಂದವಳು ಈಗ 'ಮುಚ್ಚಿಡಿ, ಮುಚ್ಚಿಡಿ' ಎಂದು ಟೆಂಟಿಂದ ಟೆಂಟಿಗೆ ಅಲೆಯುತ್ತಿದ್ದಳು. ತನಗೇ ನಗು ಬರುತ್ತಿತ್ತು.

ಆ ಬೆಟ್ಟಗಳ ಬುಡದಲ್ಲೇ ಹುಟ್ಟಿ ಬೆಳೆದರೂ ಕರಡಿಯನ್ನು ಅವಳು ಅಲ್ಲಿಯವರೆಗೆ ಕಂಡಿದ್ದು ಅಂಗಡಿಯ ಬೋರ್ಡಿನ ಮೇಲೆ ಮಾತ್ರ. ಅಡುಗೆಮನೆಯಲ್ಲಿ ಬದುಕಿದವಳಿಗೆ ಕಾಡು ಸುತ್ತಲು ಪುರುಸೊತ್ತೆಲ್ಲಿ. ಪಾರ್ಕಿಗೆ ಬಂದ ಮೊದಲ ಬೇಸಿಗೆ, ಒಂದು ಬೆಳಗ್ಗೆ ಮಂಡಿ ನೋವನ್ನು ಬೈದುಕೊಳ್ಳುತ್ತಾ ಬೆಟ್ಟದ ಏಣಿನ ದಾರಿ ಹತ್ತಿದಳು. ಮಂಜು ಇನ್ನೂ ಕಣಿವೆ ಬಿಟ್ಟಿರಲಿಲ್ಲ. ನೇರಳೆ ಬಣ್ಣದ ಕಾಡುಹಣ್ಣಿನ ಪೊದೆಯೊಳಗಿಂದ ಒಂದು ಕರಿ ಬೆನ್ನು ಮೇಲೆದ್ದಿತು. ಎದ್ದಿತು, ಇನ್ನೂ ಎದ್ದಿತು, ಎರಡು ಕಾಲ ಮೇಲೆ ನಿಂತು ಅವಳ ಕಡೆ ತಿರುಗಿತು. ಮೂತಿಯ ತುಂಬ ಹಣ್ಣಿನ ರಸ. ವರ್ನಾಗೆ ಹೆದರಿಕೆ ಆಗಲಿಲ್ಲ. ಇದ್ದಲ್ಲೇ ಕೂತಳು. ಇಷ್ಟು ದೊಡ್ಡ ಜೀವ, ಯಾರೂ ಬಡಿಸದೆ, ಯಾರನ್ನೂ ಕೇಳದೆ, ತನ್ನ ಪಾಡಿಗೆ ತಾನು ಉಂಡು ಬೆಳೆದಿದೆಯಲ್ಲ ಎಂದು ಮೈ ಜುಮ್ಮೆಂದಿತು. ಕರಡಿ ಮೂಗರಳಿಸಿ ನೋಡಿ, ಆತುರವಿಲ್ಲದೆ ಮಂಜಿನೊಳಗೆ ಹೋಯಿತು. ಅವಳು ಎಷ್ಟೋ ಹೊತ್ತು ಏಳಲಿಲ್ಲ. ಚರ್ಚಿನಲ್ಲೂ ಅಂಥ ಮೌನವನ್ನು ಅವಳು ಕಂಡಿರಲಿಲ್ಲ.

ಆಮೇಲಿನ ವರ್ಷ ಮೇ ತಿಂಗಳಲ್ಲಿ, ಹೊತ್ತಲ್ಲದ ಹೊತ್ತಿನಲ್ಲಿ ಹಿಮ ಬಿದ್ದು ಓಕ್ ಮರಗಳ ಹೂವೆಲ್ಲ ಕರಟಿಹೋಯಿತು. ಶರತ್ಕಾಲಕ್ಕೆ ಕಾಡಿನಲ್ಲಿ ಕರಡಿಗಳು ತಿಂದು ಮೈ ತುಂಬಿಕೊಳ್ಳುವ ಓಕ್ ಕಾಯಿಯೇ ಇಲ್ಲ. ಅದೇ ಕರಡಿ ಕೆಳಗಿಳಿದು ಒಂದು ಟೆಂಟಿನ ಮುಂದಿದ್ದ ಮಾಂಸದ ಡಬ್ಬಿ ಎಳೆದೊಯ್ದಿತು. ರೇಂಜರುಗಳು ಹಿಡಿದು, ಕಿವಿಗೆ ಗುರುತಿನ ಹಳದಿ ಬಿಲ್ಲೆ ಹಾಕಿ ದೂರ ಬಿಟ್ಟು ಬಂದರು. ವಾರ ಕಳೆಯುವುದರೊಳಗೆ ತಿರುಗಿ ಬಂತು.

ರೇಂಜರ್ ಡ್ವೇನ್ ಟ್ರೈಲರ್ ಬಾಗಿಲಿಗೆ ಬಂದು ಟೋಪಿ ತೆಗೆದು ನಿಂತ. ಚಿಕ್ಕವನಿದ್ದಾಗ ವರ್ನಾಳ ಎರಡನೆಯ ಸೌಟಿಗೆ ಕಾದು ನಿಲ್ಲುತ್ತಿದ್ದವನು ಅವನು.

'ಮಿಸ್ ವರ್ನಾ, ಇನ್ನೊಂದು ಸಲ ಇಲ್ಲಿ ಅದರ ಬಾಯಿಗೆ ಏನಾದ್ರೂ ಬಿತ್ತು ಅಂದ್ರೆ, ಗುಂಡು ಹೊಡೀಬೇಕು, ಪಾರ್ಕಿನ ರೂಲ್ಸೇ ಹಾಗೆ. ಹೊಡೆಯೋನು ನಾನೇ.'

'ಹಸಿದು ಬರ್ತಿದೆ ಕಣೋ.'

'ಗೊತ್ತು. ಬೆಟ್ಟದ ಆಚೆ ಮಗ್ಗುಲಿಗೆ ಹಿಮ ಬಿದ್ದಿಲ್ಲ, ಅಲ್ಲಿ ಕಾಯಿ ಬೇಕಾದಷ್ಟಿದೆ. ಇಲ್ಲಿ ಸುಲಭವಾಗಿ ಸಿಗೋವರೆಗೂ ಅದು ಅಲ್ಲಿಗೆ ಹೋಗಲ್ಲ. ಬಂದ್ರೆ ಒಂದು ತುತ್ತೂ ಸಿಗಬಾರದು. ಜನ್ಮದಲ್ಲಿ ಮನುಷ್ಯರ ತಂಟೆ ಬೇಡ ಅನ್ನೋ ಹಾಗೆ ಬೆದರಿಸಿ ಓಡಿಸ್ಬೇಕು.'

'ನನಗೆ ಹೇಳ್ತಿದ್ದೀಯಲ್ಲ, ಡ್ವೇನ್. ನನಗೆ.'

'ನಿಮ್ಮ ಕೈ ಊಟ ಉಂಡು ಬೆಳೆದೋನು ನಾನು. ಹೇಳೋಕೆ ನನಗೇನು ಖುಷಿನಾ?'

ಅಕ್ಟೋಬರಿನ ಒಂದು ಬೆಳಗ್ಗೆ. ಬೆಟ್ಟವಿಡೀ ಕೆಂಪು, ಹಳದಿ. ವರ್ನಾ ಹೊರಗಿನ ಬೆಂಕಿಯ ಮೇಲೆ ಕಬ್ಬಿಣದ ಬಾಣಲೆಯಲ್ಲಿ ಮೆಕ್ಕೆಜೋಳದ ಬ್ರೆಡ್ ಬೇಯಿಸಿ, ಮೇಜಿನ ಮೇಲಿಟ್ಟು, ಬೆಣ್ಣೆ ತರಲೆಂದು ಒಳಗೆ ಹೋದಳು. ಊರಿಗೆಲ್ಲ ಬುದ್ಧಿ ಹೇಳುವವಳು ತಾನೇ ಮುಚ್ಚಿಡದೆ ಹೋದಳು. ಬ್ರೆಡ್ ಆರಲು ಬಿಡುವುದು ಅವಳ ಕೈಗೆ ಅಂಟಿದ ಅಭ್ಯಾಸ.

ಹೊರಗೆ ಬಂದಾಗ ಮೇಜಿನ ಆಚೆ ಕರಡಿ ನಿಂತಿತ್ತು. ಕಿವಿಯಲ್ಲಿ ಹಳದಿ ಬಿಲ್ಲೆ. ಹೋದ ವರ್ಷ ಎಣ್ಣೆ ಹಚ್ಚಿದಂತಿದ್ದ ಮೈ ಈಗ ಜೋತುಬಿದ್ದಿತ್ತು. ಅದು ಎದ್ದು ನಿಂತು ಅವಳನ್ನೇ ನೋಡಿತು. ಆ ನೋಟ ಅವಳಿಗೆ ಚೆನ್ನಾಗಿ ಗೊತ್ತಿತ್ತು. ತಟ್ಟೆ ಹಿಡಿದ ಮಕ್ಕಳು ಹಾಗೆಯೇ ನೋಡುತ್ತಿದ್ದರು.

ಪಕ್ಕದ ಟೆಂಟುಗಳಿಂದ ಜನ ಫೋನು ಎತ್ತಿಕೊಂಡು ಬಂದರು. ಒಹಾಯೊದಿಂದ ಬಂದಿದ್ದವನೊಬ್ಬ ಪಿಸುಗುಟ್ಟಿದ: 'ಮೇಡಂ, ಅಲ್ಲಾಡ್ಬೇಡಿ. ತಿನ್ಲಿ ಬಿಡಿ, ಒಂದು ಬ್ರೆಡ್ ತಾನೆ.'

ಒಂದು ಬ್ರೆಡ್ ತಾನೆ. ವರ್ನಾಳ ಕೈ ಅದನ್ನು ಮುಂದೆ ತಳ್ಳಲು ಆಗಲೇ ತವಕಿಸುತ್ತಿತ್ತು. ಅವಳು ಬಾಣಲೆಯ ಹಿಡಿಗೆ ಕೈ ಹಾಕಿದಳು. ಹಿಡಿ ಇನ್ನೂ ಸುಡುತ್ತಿತ್ತು, ಬಿಡಲಿಲ್ಲ. ಎತ್ತಿ ಅಷ್ಟನ್ನೂ ಬೆಂಕಿಗೆ ಸುರಿದಳು. ಹಸಿದವರ ಕಣ್ಣೆದುರು ಅನ್ನ ಸುಟ್ಟದ್ದು ಅವಳ ಬದುಕಿನಲ್ಲಿ ಅದೇ ಮೊದಲು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಶಾಲೆಯ ಹಳೇ ಸೌಟು ಎಳೆದು ಖಾಲಿ ಬಾಣಲೆಗೆ ಬಾರಿಸುತ್ತಾ ಕರಡಿಯ ಮೇಲೇ ನುಗ್ಗಿದಳು.

'ಹೋಗೆ! ನಾಚಿಕೆ ಇಲ್ವಾ ನಿನಗೆ? ನಿನ್ನ ಮನೇಲಿ ಇಲ್ವಾ? ಇನ್ನೊಂದು ಸಲ ಬಂದ್ರೆ ಚರ್ಮ ಸುಲೀತೀನಿ, ಹೋಗೆ!'

ಕರಡಿ ಒಂದು ಕ್ಷಣ ನಂಬದೆ ನಿಂತಿತು. ಅವಳು ಮತ್ತೂ ಹತ್ತಿರ ಹೋಗಿ ಬಾರಿಸಿದಳು, ಕಲ್ಲೆತ್ತಿ ಬೀಸಿದಳು, ಬಾಯಿಗೆ ಬಂದಂತೆ ಬೈದಳು, ಬೈಯುತ್ತಲೇ ಅತ್ತಳು. ಅದು ನಾಲ್ಕು ಕಾಲಿಗೆ ಇಳಿದು, ತಿರುಗಿ, ಸೊಪ್ಪು ಸದೆ ಸೀಳಿಕೊಂಡು ಬೆಟ್ಟದ ಮೇಲಕ್ಕೆ ಓಡಿತು.

'ಅಷ್ಟು ದೂರದಿಂದ ನೋಡೋಕೆ ಬಂದಿದ್ವಿ,' ಎಂದ ಒಹಾಯೊದವನು. 'ಕಲ್ಲು ಮನಸ್ಸಿನ ಹೆಂಗಸು.'

'ನೋಡಿದ್ರಲ್ಲ, ಓಡಿಹೋಗೋವಾಗ ಅದರ ಬೆನ್ನು. ಅದಕ್ಕಿಂತ ಚೆಂದ ಏನೂ ಇಲ್ಲ ಅದರಲ್ಲಿ,' ಎಂದಳು ವರ್ನಾ, ಸುಟ್ಟ ಅಂಗೈಯನ್ನು ಏಪ್ರನ್ನಿನಲ್ಲಿ ಮುಚ್ಚಿಕೊಂಡು.

ಆ ಚಳಿಗಾಲವಿಡೀ, ಕ್ಯಾಂಪ್ ಮುಚ್ಚಿದ ಮೇಲೆ, ಕೆಳಗಿನ ಊರಿನಲ್ಲಿ ಅವಳಿಗೆ ತುತ್ತು ಸಲೀಸಾಗಿ ಇಳಿಯಲಿಲ್ಲ. ಕರಡಿ ಮತ್ತೆ ಕ್ಯಾಂಪಿಗೆ ಬರಲಿಲ್ಲವೆಂದು ಡ್ವೇನ್ ಹೇಳಿದ. ಆಚೆ ಮಗ್ಗುಲು ಸೇರಿತೋ, ಹಸಿದು ಸತ್ತಿತೋ, ಅವನಿಗೂ ಗೊತ್ತಿರಲಿಲ್ಲ.

ಜೂನ್ ತಿಂಗಳಲ್ಲಿ ಅವಳು ಏಣಿನ ದಾರಿ ಹತ್ತಿ, ಈ ಸಲ ಆಚೆ ಮಗ್ಗುಲಿಗೂ ಇಳಿದಳು. ಮಧ್ಯಾಹ್ನದ ಬಿಸಿಲಲ್ಲಿ ದೂರದ ಹುಲ್ಲಿನ ಇಳಿಜಾರಿನಲ್ಲಿ ಅದು ಬೇರು ಕೆದರುತ್ತಿತ್ತು. ಹಳದಿ ಬಿಲ್ಲೆ ಮಿನುಗಿತು. ಮೈ ಮತ್ತೆ ತುಂಬಿಕೊಂಡು ಮಿರಮಿರ ಹೊಳೆಯುತ್ತಿತ್ತು. ಆ ಬೆಟ್ಟ, ಆ ಆಕಾಶ, ಅದರ ನಡುವೆ ಆ ಜೀವ. ಮೊದಲ ದಿನದ ಹಾಗೆಯೇ ಅವಳು ಕಣ್ಣು ಕೀಳದೆ ನೋಡಿದಳು.

ಗಾಳಿ ತಿರುಗಿತು. ಕರಡಿ ತಲೆಯೆತ್ತಿ ಮೂಸಿತು, ಅವಳನ್ನು ಗುರುತಿಸಿತು, ಮರುಗಳಿಗೆ ಜೀವ ಕೈಯಲ್ಲಿ ಹಿಡಿದು ಕಾಡಿನೊಳಕ್ಕೆ ಓಡಿಹೋಯಿತು.

ವರ್ನಾ ಹುಲ್ಲಿನ ಮೇಲೆ ಕೂತು ಕಣ್ಣೊರೆಸಿಕೊಂಡಳು. ತನ್ನಿಂದ ಹಾಗೆ ಓಡಿಹೋದ ಜೀವ ಅದೊಂದೇ. ಅವಳಿಗೆ ತುಂಬ ಸಂತೋಷವಾಗಿತ್ತು. ಬುತ್ತಿ ಬಿಚ್ಚಿ, ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ಉಂಡಳು. ಒಂದು ಚೂರೂ ಅಲ್ಲಿ ಬಿಡಲಿಲ್ಲ.