ಅದೇ ಮುದುಕಿ, ಅದೇ ದೋಣಿ

ನಮ್ಮ ಭಾವನಿಗೆ ನೀರು ಸರಬರಾಜು ಕಚೇರಿಯಲ್ಲಿ ದೂರು ಕೇಳುವ ಕೆಲಸ. ಗಾಜಿನ ಕಿಂಡಿಯ ಒಳಗೆ ಅವರು, ಹೊರಗೆ ಇಡೀ ಊರು. ಕಿಂಡಿಗೆ ಬಂದವರು ಯಾರೂ ನೀರಿನಿಂದ ಶುರು ಮಾಡುವುದಿಲ್ಲ. ಅತ್ತೆಯ ಮಂಡಿನೋವು, ಮೇಲಿನ ಮನೆಯವನ ಪಂಪು, ಮಕ್ಕಳು ಸ್ನಾನವಿಲ್ಲದೆ ಶಾಲೆಗೆ ಹೋಗಿದ್ದು, ಹೀಗೆ ಹೊಳೆಯಾಗಿ ಹರಿದು ಕಡೆಗೆ ನಲ್ಲಿಗೆ ಬರುತ್ತಾರೆ. ಭಾವ ಅಷ್ಟನ್ನೂ ಹಿಂಡಿ ಕಂಪ್ಯೂಟರಿಗೆ ಒಂದೇ ಸಾಲು ಬಡಿಯುತ್ತಾರೆ. ನೀರು ಬರುತ್ತಿಲ್ಲ. ಇಲ್ಲವೇ, ಬರುತ್ತಿದೆ, ಕೊಳೆ. ಇಲ್ಲವೇ, ಪೈಪು ಒಡೆದಿದೆ. ಇಷ್ಟು ವರ್ಷದಲ್ಲಿ ನಾಲ್ಕನೆಯದೊಂದು ದೂರು ಹುಟ್ಟಲಿಲ್ಲವಲ್ಲ ಎಂಬುದೇ ಅವರ ದೂರು.

"ಕತೆ ಬೇಡ, ವಿಷಯ ಹೇಳಿ" ಎಂಬ ಮಾತು ಅವರ ನಾಲಿಗೆಯಲ್ಲಿ ಮನೆ ಕಟ್ಟಿಕೊಂಡುಬಿಟ್ಟಿದೆ. ಒಮ್ಮೆ ಫೋನಿನಲ್ಲಿ ಹೆತ್ತ ತಾಯಿಗೇ ಹಾಗೆಂದುಬಿಟ್ಟರು. ಆಕೆ, "ವಿಷಯ ಏನಿಲ್ಲಪ್ಪ, ನಾನು ನಿಮ್ಮಮ್ಮ" ಎಂದು ಫೋನಿಟ್ಟರಂತೆ.

ನಮ್ಮ ಅಕ್ಕನದು ಕನ್ನಡಕದಂಗಡಿಯ ಹಿಂದಿನ ಕೋಣೆ. ಗಾಜು ತೀಡಿ ಚೌಕಟ್ಟಿಗೆ ಕೂರಿಸುವುದು. ದಿನವಿಡೀ ಊರಿನವರ ನೋಟ ಸರಿಮಾಡಿ ಸಂಜೆ ಬರುವಾಗ ಅವಳ ಕಣ್ಣು ಕೆಂಡದಂತಿರುತ್ತದೆ. ಚಪ್ಪಲಿ ಬಿಟ್ಟವಳೇ ಸೋಫಾಕ್ಕೆ ಒರಗಿ ರೆಪ್ಪೆ ಮುಚ್ಚುತ್ತಾಳೆ.

"ಕಣ್ಣು ಅಂಗಡೀಲೇ ಬಿಟ್ಟು ಬಂದಿದೀನಿ ಕಣ್ರೀ. ಏನಿದ್ರೂ ಕಿವಿಗೆ ಹೇಳಿ."

ಹೀಗೆ ಬಾಯಿ ಸೋತ ಗಂಡ, ಕಣ್ಣು ಸೋತ ಹೆಂಡತಿ. ಇಬ್ಬರಿಗೂ ಸೇರಿ ಉಳಿದಿದ್ದೆಂದರೆ ಟಿವಿಯ ಕೆಳಗಿನ ಆಟದ ಪೆಟ್ಟಿಗೆ. ಅದರಲ್ಲಿ ಆಡುವುದು ಪಾತ್ರ ಹೊತ್ತು ಕತೆಯೊಳಗೆ ನಡೆಯುವ ಆಟಗಳನ್ನು. ಸಂಜೆ ಹೊತ್ತು ನಾನೂ ಹೋಗಿ ಕೂರುವುದುಂಟು. ಅವರ ಮನೆಯ ಪದ್ಧತಿ ಬೇರೆಲ್ಲೂ ಇರಲಾರದು. ಭಾವ ಗುಂಡಿ ಒತ್ತುತ್ತಾರೆ, ಪರದೆಯ ಮೇಲೆ ಬಂದಿದ್ದನ್ನು ಬಾಯಲ್ಲಿ ಹೇಳುತ್ತಾರೆ. ಅಕ್ಕ ಕಣ್ಣು ಮುಚ್ಚಿಕೊಂಡೇ ತೀರ್ಮಾನ ಕೊಡುತ್ತಾಳೆ. "ಎಡಕ್ಕೆ ಹೋಗಿ." "ಅವನನ್ನ ನಂಬಬೇಡಿ." "ಒಂದು ಬಿಡಿ ಅವನಿಗೆ." ಆಟ ಮುಗಿದ ಮೇಲೆ ಅಡುಗೆಮನೆ ಭಾವನ ಪಾಲು. ಪಾತ್ರ ನಂದು, ಪಾತ್ರೆ ನಿಮ್ದು ಎನ್ನುವುದು ಅಕ್ಕನ ಕಾನೂನು.

ದಿನದಲ್ಲಿ ಅವರಿಬ್ಬರು ಮಾತಾಡುವುದು ಅದೊಂದೇ ಹೊತ್ತು. ಅದಿಲ್ಲದಿದ್ದರೆ "ಗ್ಯಾಸ್ ಆಫ್ ಮಾಡಿದ್ಯಾ", "ಬಾಗಿಲು ಹಾಕಿದ್ರಾ" ಎಂಬಲ್ಲಿಗೆ ಸಂಸಾರ ಮುಗಿಯುತ್ತದೆ.

ಆದರೆ ಆಟಗಳು ಹಳಸತೊಡಗಿದವು. ಯಾವ ಆಟ ತಂದರೂ ಮೊದಲಿಗೆ ಒಂದು ಊರು ಸುಡುತ್ತದೆ. ಒಬ್ಬ ಅನಾಥ ಹುಡುಗ ಕತ್ತಿ ಹಿಡಿದು ಹೊರಡುತ್ತಾನೆ. ದಾರಿಯಲ್ಲೊಬ್ಬ ಗಡ್ಡದ ಮುದುಕ ಬೇರು ಕಿತ್ತು ತರಲು ಹೇಳುತ್ತಾನೆ, ಕೊನೆಗೆ ಕತ್ತಲೆಯ ದೊರೆ ಸಾಯುತ್ತಾನೆ.

"ಈಗ ಏನಂತೆ?" ಎಂದು ಅಕ್ಕ ಕಣ್ಣು ಮುಚ್ಚಿಕೊಂಡೇ ಕೇಳುವಳು.

"ಬೇರು ತರ್ಬೇಕಂತೆ."

"ಹೋದ ತಿಂಗಳು ತಂದಿದ್ದು ಏನಾಯ್ತು? ಆ ಮುದುಕ ಅದನ್ನ ಮಾರ್ಕೊಳ್ತಿದ್ದಾನೇನೋ."

ಇಷ್ಟರಲ್ಲಿ ಕನ್ನಡಕದಂಗಡಿಯ ಯಜಮಾನ, ಸಂಜೆ ಹೊತ್ತೂ ನಿಲ್ಲಲು ಆಗುತ್ತದೆಯೇ ಎಂದು ಅಕ್ಕನನ್ನು ಕೇಳಿದ. ಮನೆಗೆ ಬಂದು ಅದನ್ನು ಹೇಳುವಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಭಾವನಿಗೆ ಎಷ್ಟೋ ಧೈರ್ಯವಿರುತ್ತಿತ್ತು.

"ಒಪ್ಕೊಳ್ಳೋಣ ಅಂತಿದೀನಿ. ಇಲ್ಲಿ ಕೂತು ಅದೇ ಊರು ಸುಡೋದು ಕೇಳೋ ಬದಲು ಅಲ್ಲೇ ಇದ್ರೆ ಆಯ್ತು. ಈ ತಿಂಗಳು ಕಳೀಲಿ, ನೋಡ್ತೀನಿ."

ಮಾರನೆಯ ದಿನ ಭಾವ ಕಚೇರಿಯಿಂದ ನೇರವಾಗಿ ಆಟದಂಗಡಿಗೆ ಹೋದರು. ಜೊತೆಗೆ ನಾನೂ ಇದ್ದೆ. ಅಂಗಡಿಯವನಿಗೆ ಬೀದಿಯವರೆಲ್ಲ ಗಡ್ಡ ಎನ್ನುತ್ತಾರೆ, ಗಡ್ಡ ತೆಗೆದು ವರ್ಷಗಳಾಗಿದ್ದರೂ.

"ಊರು ಸುಡದೇ ಇರೋದು ಒಂದು ಕೊಡಿ."

ಗಡ್ಡ ಕೆನ್ನೆ ಕೆರೆದುಕೊಂಡ. "ಊರು ಸುಡದಿದ್ರೆ ಹುಡುಗ ಮನೆ ಬಿಟ್ಟು ಹೊರಡೋದು ಹೇಗೆ ಸಾರ್? ಈಗಿನ ಹುಡುಗ್ರು ಬೆಂಕಿ ಬಿದ್ರೂ ಏಳಲ್ಲ."

"ಹುಡುಗಾನೂ ಬೇಡ. ಕತ್ತಿ ಬೇಡ. ಬೇರಂತೂ ಬೇಡವೇ ಬೇಡ."

"ಹಾಗನ್ನಿ. ಬೇರೆ ಬೇಕು, ಬೇರು ಬೇಡ." ಗಡ್ಡನಿಗೆ ಇಂಥ ಗಿರಾಕಿ ಅಪರೂಪ. ಯಾರೂ ಕೈಯಿಡದ ಕೆಳಗಿನ ಕಪಾಟಿನಿಂದ ಒಂದೊಂದೇ ಎಳೆದು ತೆಗೆದ. ಸೇನೆಯ ಅಡುಗೆಯವನ ಆಟವೊಂದಿತ್ತು, ಯುದ್ಧ ಬರೀ ಸದ್ದಿನಲ್ಲಿ ಕೇಳುತ್ತದೆ, ಕಾಣುವುದು ಒಲೆ ಮಾತ್ರ. ದೊರೆ ಸತ್ತು ಎಲ್ಲ ಮುಗಿದ ಮೇಲೆ ಊರನ್ನು ಗುಡಿಸುವವಳ ಆಟ ಇನ್ನೊಂದು. ಮೂರನೆಯದು ದೋಣಿ ನಡೆಸುವವಳದು. ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸುವುದು, ಅಷ್ಟೇ.

ಮೂರೂ ಮನೆಗೆ ಬಂದವು. ಅಡುಗೆಯವನು ಎರಡು ಸಂಜೆ ಬಾಳಿದ. "ಉಪ್ಪು ತರ್ಬೇಕಂತೆ" ಎಂದರು ಭಾವ. "ಬೇರು ಹೋಗಿ ಉಪ್ಪು ಬಂತಾ" ಎಂದಳು ಅಕ್ಕ. ಗುಡಿಸುವವಳು ಒಂದು ಸಂಜೆಗೇ ಸೋತಳು. "ಈ ಬೀದಿ ಗುಡಿಸ್ಬೇಕಂತೆ" ಎಂದಾಗ ಅಕ್ಕ, "ಅದಕ್ಕೆ ಆಟ ಯಾಕ್ರೀ, ಮಂಚದ ಕೆಳಗೆ ನೋಡಿ" ಎಂದು ಮಗ್ಗುಲಾದಳು.

ಉಳಿದದ್ದು ದೋಣಿ. ಶುರುವಿನಲ್ಲಿ ಅಕ್ಕನಿಗೆ ಹಿಡಿಸಿತು. ಹುಟ್ಟು ನೀರಿಗೆ ಬೀಳುವ ಸದ್ದು ಕೇಳುತ್ತ ಅವಳ ಹುಬ್ಬು ಸಡಿಲವಾಗುತ್ತಿತ್ತು. ಭಾವ ಓರೆಗಣ್ಣಲ್ಲಿ ಅದನ್ನೇ ನೋಡುತ್ತಿದ್ದರು. ಆದರೆ ದೋಣಿಗೊಬ್ಬ ಮುದುಕಿ ಹತ್ತಿದಳು.

"ಯಾರು?"

"ಒಬ್ಳು ಮುದುಕಿ. ಆಚೆ ದಡಕ್ಕೆ ಹೋಗ್ಬೇಕಂತೆ."

"ಯಾಕಂತೆ?"

"ಕೆಲಸ ಇದೆಯಂತೆ. ಬೇಗ ಹೋಗ್ಬೇಕೋ ನಿಧಾನವೋ ಅಂತ ಆಟ ಕೇಳ್ತಿದೆ."

"ಕೆಲಸ ಇದ್ರೆ ಬೇಗ ಬಿಡಿ ಪಾಪ."

ಬೇಗ ಬಿಟ್ಟರು. ಮರುದಿನ ಆಟ ತೆರೆದರೆ ಅದೇ ಮುದುಕಿ ಇದೇ ದಡದಲ್ಲಿ ಗಂಟು ಹಿಡಿದು ಕೂತಿದ್ದಾಳೆ. ಮತ್ತೆ ಕೆಲಸ ಇದೆಯಂತೆ. ಮತ್ತೆ ಬೇಗ ಬಿಟ್ಟರು. ಅದರ ಮರುದಿನವೂ ಅವಳೇ.

"ಮತ್ತೆ ಬಂದ್ಲಾ?" ಅಕ್ಕನ ದನಿಯಿಂದ ನೀರೆಲ್ಲ ಇಂಗಿಹೋಗಿತ್ತು. "ಇದೂ ಅದೇ ಬಿಡ್ರೀ. ಗಡ್ಡದ ಮುದುಕ ಸೀರೆ ಉಟ್ಕೊಂಡು ಬಂದಿದ್ದಾನೆ. ನಾಡಿದ್ದು ಯಜಮಾನರಿಗೆ ಹೂಂ ಅಂತೀನಿ."

ಭಾವ ಪಾತ್ರೆ ತೊಳೆಯಲು ಎದ್ದರು. ತಿಕ್ಕಿದ್ದನ್ನೇ ತಿಕ್ಕುತ್ತಿದ್ದ ಸದ್ದು ಹೊರಗೆ ಕೇಳುತ್ತಿತ್ತು.

ಮರುದಿನ ಬೆಳಿಗ್ಗೆ ಊರಿನ ದೊಡ್ಡ ಪೈಪು ಒಡೆಯಿತು. ಕಿಂಡಿಯ ಮೈಕು ಮೊದಲೇ ಕೆಟ್ಟಿತ್ತು. ಅದರ ದೂರು ಎಲ್ಲಿ ಕೊಡಬೇಕೆಂದು ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೀದಿಯವರೆಗೆ ಸಾಲು. ಸಂಜೆಯವರೆಗೂ ಗಾಜಿನಾಚೆಗೆ ಕೂಗಿದ ಭಾವ ಮನೆಗೆ ಬಂದಾಗ ಅವರ ಗಂಟಲಿನಿಂದ ಬರುತ್ತಿದ್ದುದು, ನೀರಿಲ್ಲದ ನಲ್ಲಿಯಿಂದ ಬರುತ್ತದಲ್ಲ, ಅಂಥ ಗಾಳಿ. ಆದರೂ ಆಟ ಹಾಕಿದರು. ಕೊನೆಯ ಸಂಜೆಯನ್ನು ಬಿಡುವ ಮನಸ್ಸು ಬರಲಿಲ್ಲವೇನೋ.

ಮುದುಕಿ ಬಂದಳು. ಭಾವ ಬಾಯಿ ತೆರೆದರು, ಗಾಳಿ ಬಂತು.

ಅಕ್ಕ ಮೊಣಕೈಯೂರಿ ಎದ್ದು ಕೂತು, ಚೀಲದಿಂದ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. ಆ ಸೋಫಾದಲ್ಲಿ ಕೂತು ಅವಳು ಟಿವಿ ನೋಡಿದ್ದನ್ನು ನಾನು ಕಂಡಿರಲಿಲ್ಲ.

"ಅಬ್ಬ, ಇಷ್ಟುದ್ದ ಮಾತಾಡ್ತಾಳಾ ಈಯಮ್ಮ" ಎಂದವಳೇ ಓದತೊಡಗಿದಳು.

ಆಚೆ ದಡದಲ್ಲಿ ನನ್ನ ತಂಗಿ ಇದ್ದಾಳೆ. ಮಾತು ಬಿಟ್ಟು ಎಷ್ಟೋ ಕಾಲವಾಯಿತು. ಯಾವುದಕ್ಕೆ ಜಗಳವಾಡಿದೆವೋ ನನಗೆ ಮರೆತುಹೋಗಿದೆ. ಅವಳಿಗೆ ನೆನಪಿರುತ್ತದೆ, ಅವಳು ಏನನ್ನೂ ಮರೆಯುವವಳಲ್ಲ. ಏತಕ್ಕೆಂದು ಗೊತ್ತಿಲ್ಲದೆ ಹೋಗಿ ಹೇಗೆ ಕ್ಷಮೆ ಕೇಳಲಿ? ದಡದವರೆಗೆ ಹೋಗುತ್ತೇನೆ, ತಿರುಗಿ ಬರುತ್ತೇನೆ. ದೋಣಿ ಇಷ್ಟು ಬೇಗ ತಲುಪಿಬಿಡುತ್ತದೆ.

ಅಕ್ಕ ಓದಿ ಮುಗಿಸಿದಳು. ಕೆಳಗೆ ಎರಡು ಮಾತು ಹೊಳೆಯುತ್ತಿದ್ದವು. ಬೇಗ. ನಿಧಾನ.

"ಇದಾ ನೀವು ಕೆಲಸ ಇದೆಯಂತೆ ಅಂದಿದ್ದು?"

ಭಾವ ತಲೆ ತಗ್ಗಿಸಿ ಕೈಯಲ್ಲಿದ್ದ ಗುಂಡಿಗಳನ್ನು ನೋಡಿಕೊಂಡರು.

"ಆ ಬೇರಿನ ಮುದುಕ? ಅವನೂ ಹಿಂಗೇ ಏನೋ ಹೇಳಿದ್ನಾ?"

ಭಾವ ಕೈಸನ್ನೆ ಮಾಡಿದರು: ಇಷ್ಟುದ್ದ. ಸ್ವಲ್ಪ ಯೋಚಿಸಿ ಕೈಗಳನ್ನು ಇನ್ನಷ್ಟು ಅಗಲಿಸಿದರು.

"ಅಡುಗೆಯವನು?"

ಇನ್ನೂ ಅಗಲ.

"ನನ್ನನ್ನೂ ಆ ಕಿಂಡಿ ಮುಂದೆ ನಿಲ್ಲಿಸಿಬಿಟ್ರಲ್ರೀ" ಎಂದಳು ಅಕ್ಕ. ಮೆಲ್ಲಗೆ ಹೇಳಿದಳು. ಅವಳ ಕಣ್ಣು ಕೆಂಪಗಿದ್ದದ್ದು ಗಾಜು ತೀಡಿದ್ದಕ್ಕೇ ಎಂದುಕೊಂಡೆ. ಆಮೇಲೆ ಕೈ ಚಾಚಿ, "ಕೊಡಿ ಇಲ್ಲಿ. ನಿಧಾನ ಯಾವುದು ಒತ್ತೋದು?" ಎಂದಳು.

ಭಾವ ತೋರಿಸಿದರು.

ದೋಣಿ ತೆವಳಿತು. ಬಹಳ ಹೊತ್ತು ನೀರು ಬಿಟ್ಟರೆ ಏನೂ ಇಲ್ಲ. ನಾನು ಎದ್ದು ಹೊರಡೋಣವೆಂದುಕೊಳ್ಳುವಾಗ ನಡುಹೊಳೆಯಲ್ಲಿ ಮುದುಕಿ ತಲೆಯೆತ್ತಿದಳು. ಅಕ್ಕ ಓದಿದಳು: "ನೆನಪಾಯಿತು, ಬಾಚಣಿಗೆ. ಅದರ ಹಲ್ಲು ಮುರಿದಿದ್ದು ನಾನು, ಅವಳು ಮುರಿದಳು ಅಂತ ಹೇಳಿದ್ದೂ ನಾನೇ."

"ಬಾಚಣಿಗೇನಾ" ಎಂದು ಅಕ್ಕ ನಕ್ಕಳು. ಭಾವನಿಗೂ ನಗು ಬಂತು, ಗಾಳಿಯಾಗಿ. ಆಚೆ ದಡದಲ್ಲಿ ಯಾರೋ ನಿಂತಿದ್ದರು. ಮರುದಿನ ಈ ದಡದಲ್ಲಿ ಮುದುಕಿ ಇರಲಿಲ್ಲ. ಅವಳ ಜಾಗದಲ್ಲಿ, ಬಾಯಿಗೆ ಬಟ್ಟೆ ಕಟ್ಟಿಕೊಂಡ ಗಾಣದವನೊಬ್ಬ ಕೂತಿದ್ದ.

ಯಜಮಾನ ಕೇಳಿದಾಗ ಅಕ್ಕ, "ಆಗಲ್ಲ ಸಾರ್, ಸಂಜೆ ದೋಣಿ ಇದೆ" ಎಂದಳಂತೆ. ದೋಣಿ ಕೊಳ್ಳುವಷ್ಟು ಅನುಕೂಲವಂತರು ತನ್ನಲ್ಲಿ ಗಾಜು ತೀಡುತ್ತಿದ್ದಾರೆಯೇ ಎಂದು ಬೆರಗಾಗಿ ಆತ ಅಂದಿನಿಂದ ಅವಳಿಗೆ ಕುರ್ಚಿ ಎಳೆದು ಕೊಡುತ್ತಾನೆ.

ಭಾವನ ಗಂಟಲು ಸರಿಹೋಯಿತು. ಈಗ ಸಂಜೆ ಅಕ್ಷರ ಬಿಡದೆ ಓದುತ್ತಾರೆ. ದಣಿದ ದಿನ ಅಭ್ಯಾಸಬಲದಿಂದ "ಗಾಣದವನಿಗೆ ಎಣ್ಣೆ..." ಎಂದು ಹಿಂಡಲು ಹೊರಟರೆ, ಅಕ್ಕ ಕಣ್ಣು ಮುಚ್ಚಿಕೊಂಡೇ ಅವರ ಮಂಡಿಗೊಂದು ತಟ್ಟುತ್ತಾಳೆ. ಅವರು ಮೊದಲಿನಿಂದ ಶುರು ಮಾಡುತ್ತಾರೆ. ಸುಟ್ಟ ಊರುಗಳಿಗೂ ಮತ್ತೆ ಹೋಗುವುದೆಂದು ಮಾತಾಗಿದೆ.

ಕಚೇರಿಯಲ್ಲಿ ಅವರು ಸುಧಾರಿಸಿದರೆಂದು ತಿಳಿಯಬೇಡಿ. ಕಳೆದ ವಾರ ನಮ್ಮ ಬೀದಿಗೆ ನೀರಿಲ್ಲವೆಂದು ನಾನೇ ಸಾಲಿನಲ್ಲಿ ನಿಂತಿದ್ದೆ. ನನ್ನ ಸರದಿ ಬಂದಾಗ, "ಭಾವ, ಏನಾಯ್ತು ಅಂದ್ರೆ..." ಎಂದು ಶುರು ಮಾಡಿದೆ.

"ಕತೆ ಬೇಡ, ವಿಷಯ ಹೇಳು" ಎಂದರು. ಆಮೇಲೆ ಗಾಜಿಗೆ ಬಾಯಿ ತಂದು ಮೆಲ್ಲಗೆ, "ಗಂಟಲು ಸಂಜೆಗೆ ಬೇಕಯ್ಯ" ಎಂದು ಮುಂದಿನವರನ್ನು ಕರೆದರು.