ಪರದೆಗೆ ಬಾರದ ಶಿವಿ

ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವ ಕೆಲಸಕ್ಕೆ ಕೈ ಬೇಕು, ಕಣ್ಣು ಬೇಕು, ಕಿವಿ ಮಾತ್ರ ಪೂರ್ತಿ ಬಿಡುವಾಗಿರುತ್ತದೆ. ಆ ಬಿಡುವಿನ ಕಿವಿಗಳಿಗಾಗಿ ಹೆಬ್ಬೂರಿನ ನಮ್ಮ ಮನೆಯ ಜಗಲಿಯಲ್ಲಿ ಬೇಸಿಗೆಯ ಮಧ್ಯಾಹ್ನಗಳಲ್ಲಿ ಕಾದಂಬರಿ ಓದುವ ಪದ್ಧತಿಯಿತ್ತು. ಸರಾಗವಾಗಿ ಓದಬಲ್ಲವಳು ನನ್ನ ಅಕ್ಕ ಒಬ್ಬಳೇ ಆದ್ದರಿಂದ ಅವಳ ಪಾಲಿನ ಹಣ್ಣನ್ನು ಉಳಿದ ಹೆಂಗಸರು ಹಂಚಿಕೊಂಡು ಕುಟ್ಟುತ್ತಿದ್ದರು. ಅವರೇನು ಬಾಯಿಮುಚ್ಚಿಕೊಂಡು ಕೇಳುತ್ತಿದ್ದರೆಂದು ತಿಳಿಯಬೇಡಿ. ಕಥೆಯ ಅತ್ತೆಗೆ ಶಾಪ ಹಾಕುವರು, ಕೈಲಾಗದ ನಾಯಕನಿಗೆ ಬುದ್ಧಿ ಹೇಳುವರು, ಯಾರಿಗಾದರೂ ಸಾವು ಬಂದರೆ ಮರದ ಕೊಡತಿಗಳನ್ನು ಒಟ್ಟಿಗೆ ನಿಲ್ಲಿಸಿ ಸೆರಗಿನಲ್ಲಿ ಮೂಗೊರೆಸಿಕೊಳ್ಳುವರು. ಕಾದಂಬರಿಯ ಪುಟಗಳಿಗೆಲ್ಲ ಹುಣಸೆಯ ಅಂಟು.

ಅವ್ವನಿಗೆ ಒಬ್ಬಳು ತಂಗಿಯಿದ್ದಳು, ಶಿವಮ್ಮ. ಮನೆಮಂದಿಗೆಲ್ಲ ಅವಳು ಶಿವಿ. ನಾನು ಇನ್ನೂ ಅವಳ ಕಂಕುಳ ಕೂಸಾಗಿದ್ದಾಗ ಜ್ವರ ಬಂದು ತೀರಿಹೋದಳು. ಮದುವೆಯಾಗಿದ್ದರೆ ಒಂದು ಫೋಟೋವಾದರೂ ಉಳಿಯುತ್ತಿತ್ತೇನೋ, ಅದೂ ಆಗಿರಲಿಲ್ಲ. ಅದಾಗಿ ಕೆಲವು ವರ್ಷಗಳ ಮೇಲೆ ಅಕ್ಕ ಓದಿದ ಒಂದು ಹೆಸರಾಂತ ಕಾದಂಬರಿಯಲ್ಲಿ ಬಾವಿಕಟ್ಟೆಯ ಮೇಲೆ ಕುಳಿತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುವ ಹುಡುಗಿಯೊಬ್ಬಳು ಬಂದಳು. ಶಿವಿ ನಗುತ್ತಿದ್ದುದೂ ಹಾಗೆಯೇ ಅಂತೆ. ಅವ್ವನಿಗೆ ಅಷ್ಟು ಸಾಕಾಯಿತು. ತೀರಿಹೋದವಳು ಪುಸ್ತಕದೊಳಗೆ ಹೋಗಿ ಕುಳಿತಳು. ಅಂದಿನಿಂದ ಪ್ರತಿ ಬೇಸಿಗೆಯೂ ಅವ್ವ ಅದನ್ನೇ ಓದಿಸಿದಳು. ಅಕ್ಕ ಮದುವೆಯಾಗಿ ಕುಣಿಗಲ್ಲಿಗೆ ಹೋದ ಮೇಲೂ ತವರಿಗೆ ಬಂದಾಗಲೆಲ್ಲ ಓದಿಸಿದಳು. ಓದುವಾಗ ಕಣ್ಣು ಮುಚ್ಚಿಕೊಂಡರೆ ತಂಗಿ ಎದುರಿಗೆ ಬಂದು ನಿಲ್ಲುತ್ತಾಳೆಂದು ಹೇಳುತ್ತಿದ್ದಳು.

ನಾನು ಗುಬ್ಬಿಯಲ್ಲಿ ಮೇಷ್ಟ್ರಾಗಿದ್ದವನು. ತುಮಕೂರಿನಿಂದ ದಿನವೂ ರೈಲಿನಲ್ಲಿ ಹೋಗಿಬರುವಾಗ ಮೊಬೈಲಿನಲ್ಲಿ ಸಿನಿಮಾ, ಸಾಕ್ಷ್ಯಚಿತ್ರ ನೋಡುವ ಚಟ ಅಂಟಿತು. ನಿವೃತ್ತಿಯಾದ ಮೇಲೆ ರೈಲು ಬಿಟ್ಟಿತು, ಚಟ ಬಿಡಲಿಲ್ಲ. ಇಷ್ಟು ನೋಡಿದವನಿಗೆ ಒಂದೆರಡು ಅಭಿಪ್ರಾಯಗಳಾದರೂ ಇರಬೇಡವೇ? ಸಾಹಿತಿಗಳ ಮೇಲಿನ ಸಾಕ್ಷ್ಯಚಿತ್ರಗಳಲ್ಲಿ ಸಾಹಿತಿಗಿಂತ ಅವರ ಖಾಲಿ ಕುರ್ಚಿಗೇ ಹೆಚ್ಚು ಕೆಲಸ. ಡ್ರೋನಿನವರಿಗೆ ನಮ್ಮ ಹುತ್ರಿದುರ್ಗದ ಬೆಟ್ಟ ಸಿಕ್ಕಿಬಿಟ್ಟರಂತೂ ಮುಗಿಯಿತು, ಇಳಿಯುವುದೇ ಇಲ್ಲ. ಒಮ್ಮೆ ನಮ್ಮ ಸೀಮೆಯ ಹುಣಸೆ ಕೆಲಸದ ಮೇಲೊಂದು ಸಾಕ್ಷ್ಯಚಿತ್ರ ಬಂತು. ಆ ಕೈಗಳು, ಆ ಕೊಡತಿ, ಸಿಪ್ಪೆಯ ಮೇಲೆ ಬೀಳುವ ಬಿಸಿಲು, ಎಲ್ಲವೂ ನಿಜವಾಗಿದ್ದವು. ಆದರೆ ಅದರಲ್ಲಿ ಒಬ್ಬ ಹೆಂಗಸೂ ತುಟಿ ಬಿಚ್ಚಲಿಲ್ಲ. ಅವರ ಬದಲು ಹಿನ್ನೆಲೆಯಲ್ಲಿ ಕೊಳಲೊಂದು ಕೊರಗುತ್ತಿತ್ತು. ಈಗ ತುಮಕೂರಿನಲ್ಲಿ ನನ್ನ ಜೊತೆಗೇ ಇರುವ ಅವ್ವನಿಗೆ ತೋರಿಸಿದೆ. ಇವರೆಲ್ಲ ಯಾವ ಸಾವಿನ ಮನೆಯಲ್ಲಿ ಕುಟ್ಟುತ್ತಿದ್ದಾರೆ ಎಂದು ಕೇಳಿದಳು.

ಕಾದಂಬರಿಯನ್ನು ಸಿನಿಮಾ ಮಾಡುವವರ ಮೇಲೆ ಜನ ಸಾಮಾನ್ಯವಾಗಿ ಹೊರಿಸುವ ದೂರು ನನ್ನದಲ್ಲ. ಅಷ್ಟು ದಪ್ಪ ಪುಸ್ತಕವನ್ನು ಒಂದು ಮಧ್ಯಾಹ್ನಕ್ಕೆ ಇಳಿಸಬೇಕಾದರೆ ಅಧ್ಯಾಯಗಳು ಬೀಳುತ್ತವೆ, ಸೋದರಮಾವಂದಿರು ಮಾಯವಾಗುತ್ತಾರೆ, ಅದಕ್ಕೆ ಯಾರು ತಾನೇ ಏನು ಮಾಡಿಯಾರು? ಬಿಟ್ಟಿದ್ದಕ್ಕಲ್ಲ, ಕೊಟ್ಟಿದ್ದಕ್ಕೆ ನನ್ನ ತಕರಾರು. ಬರೆದವರು ಒಂದು ನಗುವನ್ನು ಮಾತ್ರ ಬರೆದು ಮುಖವನ್ನು ನಮ್ಮ ನಮ್ಮ ಪಾಲಿಗೆ ಬಿಟ್ಟಿರುತ್ತಾರೆ. ಜಗಲಿಯಲ್ಲಿ ಕುಳಿತ ಒಬ್ಬೊಬ್ಬರೂ ಅಲ್ಲಿ ತಮಗೆ ಬೇಕಾದವರನ್ನು ಕೂರಿಸಿಕೊಂಡಿರುತ್ತಾರೆ. ಸಿನಿಮಾದವರು ಬಂದು ಅಷ್ಟೂ ಮುಖಗಳನ್ನು ಎಬ್ಬಿಸಿ ಒಂದನ್ನೇ ಕೂರಿಸುತ್ತಾರೆ. ಕ್ಯಾಮೆರಾ ಎಂದ ಮೇಲೆ ಯಾರದೋ ಒಂದು ಮುಖ ಬೇಕೇ ಬೇಕು, ನಿಜ. ಆದರೂ ನನಗೆ ಹೊಟ್ಟೆ ಉರಿಯುತ್ತದೆ.

ಹೋದ ವರ್ಷ ಆ ಕಾದಂಬರಿಯೇ ಸಿನಿಮಾ ಆಗಿ ತುಮಕೂರಿಗೆ ಬಂತು. ಅವ್ವ ಥಿಯೇಟರಿನ ಮೆಟ್ಟಿಲು ಹತ್ತದೆ ಎಷ್ಟೋ ಕಾಲವಾಗಿತ್ತು, ಮೊಣಕಾಲು ಬೇರೆ ನೋವು. ಆದರೂ ಹಟ ಹಿಡಿದಳು. ಶಿವಿಯನ್ನು ನೋಡಬೇಕೆಂದಳು. ಮಾತಿಗೆ ಹಾಗೆನ್ನುತ್ತಿದ್ದಾಳೆಂದುಕೊಂಡೆ. ಬೆಳಗ್ಗೆಯೇ ಮಿಂದು, ವಿಭೂತಿ ಇಟ್ಟು, ಗೌರಿಹಬ್ಬದ ಸೀರೆ ಉಟ್ಟು, ನೆಂಟರ ಮನೆಗೆ ಹೊರಟವಳ ಹಾಗೆ ಒಂದು ಮೊಳ ಹೂವನ್ನು ಬಾಳೆಎಲೆಯಲ್ಲಿ ಸುತ್ತಿ ಕೈಯಲ್ಲಿ ಹಿಡಿದುಕೊಂಡಾಗಲೂ ನನಗೆ ಹೊಳೆಯಲಿಲ್ಲ. ಆ ಪುಸ್ತಕ ಓದಿದವರಿಗೆಲ್ಲ ಕಾಣುವುದು ಒಂದೇ ಮುಖ, ಸಿನಿಮಾದವರಿಗೂ ಅದೇ ಕಂಡಿರುತ್ತದೆ ಎಂದು ಅವ್ವ ನಂಬಿದ್ದಳು.

ಸಿನಿಮಾ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಬಾವಿಕಟ್ಟೆ ಇತ್ತು, ನಗು ಇತ್ತು, ಆ ನಟಿಯ ಕಣ್ಣುಗಳನ್ನು ಎಷ್ಟು ಹೊಗಳಿದರೂ ಕಡಿಮೆ. ಅವ್ವ ಕೊನೆಯವರೆಗೂ ಮುಂದಕ್ಕೆ ಬಾಗಿಯೇ ಕುಳಿತಿದ್ದಳು. ಈಗ ಬರಬಹುದು, ಇನ್ನೊಂದು ಸೀನಿಗೆ ಬರಬಹುದು ಎಂದು ಕಾಯುತ್ತಿದ್ದಳೆಂದು ಆಮೇಲೆ ತಿಳಿಯಿತು. ಹೊರಗೆ ಬಂದು ಆಟೋದಲ್ಲಿ ಕುಳಿತ ಮೇಲೆ ಬಾಯಿಬಿಟ್ಟಳು.

"ಎಲ್ಲಾ ಸರಿಯಾಗೇ ತೆಗ್ದವ್ರೆ ಕಣೋ. ಶಿವೀನ ಮಾತ್ರ ಹಾಕ್ಲಿಲ್ಲ."

ಹೂವು ಇನ್ನೂ ಅವಳ ಕೈಯಲ್ಲೇ ಇತ್ತು. ಹೊರಡುವ ಮೊದಲೇ ತಡೆಯಬಹುದಿತ್ತು, ಒಂದು ಮಾತು ಬಿಡಿಸಿ ಹೇಳಬಹುದಿತ್ತು ಎಂದು ಈಗಲೂ ಅನ್ನಿಸುತ್ತದೆ.

ಅಷ್ಟಕ್ಕೇ ಮುಗಿದಿದ್ದರೆ ಬೇಸರ ಹೇಗೋ ಕಳೆಯುತ್ತಿತ್ತು. ಸಿನಿಮಾವನ್ನು ತಾನೂ ನೋಡಿದ್ದ ಅಕ್ಕ ಈ ಬೇಸಿಗೆಗೆ ಬಂದಾಗ ಅವ್ವ ಎಂದಿನಂತೆ ಪುಸ್ತಕ ತೆಗೆಸಿದಳು. ಅಕ್ಕ ಓದತೊಡಗಿದಳು, ಅವ್ವ ಕಣ್ಣು ಮುಚ್ಚಿಕೊಂಡಳು. ಬಾವಿಕಟ್ಟೆಯ ಪುಟ ಬರುತ್ತಿದ್ದಂತೆ ಕೈಯೆತ್ತಿ ನಿಲ್ಲಿಸಿದಳು. ಸಿನಿಮಾದವಳೇ ಅಡ್ಡ ಬರುತ್ತಾಳೆ, ಎಷ್ಟು ಪಕ್ಕಕ್ಕೆ ಸರಿಸಿದರೂ ಸರಿಯುವುದಿಲ್ಲ ಎಂದಳು. ನಮ್ಮಿಬ್ಬರ ಮುಖವನ್ನೂ ಸರದಿಯಂತೆ ನೋಡಿದಳು.

"ನೀವು ನೋಡಿದ್ರಲ್ಲ ಶಿವೀನ. ಹೆಂಗಿದ್ಲು ಹೇಳ್ರಿ."

ಅಕ್ಕ ಹೇಳುತ್ತಾಳೆಂದು ಕಾದೆ. ಶಿವಿ ಹೋದಾಗ ಅವಳಿಗೆ ಸ್ಕೂಲಿಗೆ ಹೋಗುವ ವಯಸ್ಸು, ಚೆನ್ನಾಗಿ ನೆನಪಿರಬೇಕು. ಅವಳು ಪುಸ್ತಕದ ಮೇಲಿಂದ ತಲೆಯೆತ್ತಲಿಲ್ಲ. ಅವ್ವನ ಮುಖ ನೋಡಲಾಗದೆ ನಾನೇ ಶುರುಮಾಡಿದೆ, ನೆನಪು ಎಳ್ಳಷ್ಟೂ ಇಲ್ಲದವನು. ಅಗಲವಾದ ಕಣ್ಣು, ಅವ್ವ, ಎಂದೆ. ನೀಳವಾದ ಕತ್ತು, ನಗುವಾಗ ಎಡಗೆನ್ನೆಯಲ್ಲೊಂದು ಗುಳಿ, ಹಣೆಯ ಮೇಲೆ ಬಂದು ಬೀಳುವ ಒಂದು ಗುಂಗುರು ಕೂದಲು ಎಂದೆ. ಹೇಳುತ್ತ ಹೋದಂತೆ ಎಲ್ಲ ಸಲೀಸಾಗಿ ಬಂತು. ಅವ್ವ ಕಣ್ಣು ಮುಚ್ಚಿಕೊಂಡೇ ಕೇಳಿದಳು. ಮೊದಲು ಹುಬ್ಬು ಗಂಟಿಕ್ಕಿದ್ದಳು, ಬರಬರುತ್ತ ಅದು ಸಡಿಲವಾಯಿತು.

"ಹೂಂ. ಹಂಗೇ ಇದ್ಲು," ಎಂದಳು.

ಸಂಜೆ ಅಕ್ಕನನ್ನು ಕುಣಿಗಲ್ ಬಸ್ಸಿಗೆ ಹತ್ತಿಸಲು ಹೋಗಿದ್ದೆ. ನನ್ನ ಕಡೆ ತಿರುಗದೆಯೇ ಅವಳು ಹೇಳಿದಳು.

"ನೀನು ಹೇಳಿದ್ದು ಆ ಸಿನಿಮಾದವಳ ಮುಖ ಕಣೋ. ತಿದ್ದೋಣ ಅಂತ ನಾನೂ ಬಾಯ್ ತೆಗೆಯಕ್ಕೆ ಹೋದೆ. ನಂಗೂ ಅವ್ಳೇ ಬರ್ತಾವ್ಳೆ."