ಇಪ್ಪತ್ತು ವರ್ಷ ಅಲುಗದ ದರ

ನಮ್ಮಪ್ಪ ಬೆಲ್ಲದ ದಲಾಲಿ. ಐನಾಪುರದ ಸುತ್ತಲಿನ ಗಾಣಗಳಿಂದ ಬೆಲ್ಲ ಎತ್ತಿ ನಿಪ್ಪಾಣಿ ಪೇಟೆಯಲ್ಲಿ ಮಾರಿಸಿಕೊಡುವುದು ಅವನ ಕಸುಬು, ಯಾರನ್ನೂ ನಂಬದಿರುವುದು ಅವನ ಸ್ವಭಾವ. ಹಾಲಿನವನು ನಕ್ಕರೆ ಇವತ್ತು ನೀರು ಜಾಸ್ತಿ ಎನ್ನುತ್ತಿದ್ದ, ನಗದಿದ್ದರೆ ಅಳತೆ ಕಡಿಮೆ ಎನ್ನುತ್ತಿದ್ದ. ನನ್ನನ್ನು ನೋಡಲು ಬಂದ ಗಂಡುಗಳಿಗೂ ಇದೇ ಗತಿ. ಒಬ್ಬ ವಿಪರೀತ ಬೆಳ್ಳಗಿದ್ದ, ಏನೋ ಜಡ್ಡಿರಬೇಕು. ಇನ್ನೊಬ್ಬ ಚಹಾಕ್ಕೆ ಸಕ್ಕರೆ ಬೇಡವೆಂದ, ಜಡ್ಡು ಖಾತ್ರಿಯಾಯಿತು.

ಆಮೇಲೆ ಬಂದವನು ರಾಯಬಾಗದ ಕಡೆಯ ಅಲಖನೂರಿನವನು. ಇಲ್ಲಿಯ ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದವನು ಆಫ್ರಿಕಾದ ಕ್ಯಾಮರೂನಿನ ಕಾರ್ಖಾನೆ ಸೇರಿ, ರಜೆಯ ಮೇಲೆ ಊರಿಗೆ ಬಂದಿದ್ದ. ಅವ್ವ ಕೊಟ್ಟ ಅವಲಕ್ಕಿಯನ್ನು ಎಲ್ಲರೂ ಹೊಗಳಿದರು, ಅವನೊಬ್ಬ ಮಾತ್ರ ಉಪ್ಪು ಕಡಿಮೆಯಾಗಿದೆ ಎಂದ. ನಿಜವಾಗಿಯೂ ಕಡಿಮೆಯಾಗಿತ್ತು. ನನಗೆ ಅವನು ಅಲ್ಲಿಯೇ ಹಿಡಿಸಿಬಿಟ್ಟ.

ಅಪ್ಪ ಸಂಬಳದ ಮಾತು ತೆಗೆದ. ಅಲ್ಲಿ ಫ್ರಾಂಕಿನಲ್ಲಿ ಕೊಡುತ್ತಾರೆ, ಆದರೆ ಅದು ಯುರೋಪಿನ ಯುರೋ ಇದ್ದಂತೆಯೇ ಎಂದು ಹುಡುಗ ಹೇಳಿದ. ಅಪ್ಪನ ಹುಬ್ಬು ಮೇಲೇರಿತು. ಅದನ್ನು ಇಳಿಸಲೆಂದು ಹುಡುಗ ಮೊಬೈಲ್ ತೆಗೆದು, ಯುರೋ ಶುರುವಾದಾಗಿನಿಂದ ಇವತ್ತಿನವರೆಗಿನ ದರದ ಚಿತ್ರ ತೋರಿಸಿದ. ಒಂದು ಯುರೋಗೆ ಆರುನೂರಾ ಐವತ್ತೈದು ಫ್ರಾಂಕು, ಮೇಲೆ ಚಿಲ್ಲರೆ. ಚಿತ್ರದ ತುಂಬ ಒಂದೇ ಒಂದು ಗೆರೆ, ಅಡ್ಡಕ್ಕೆ, ನೆಟ್ಟಗೆ.

"ಏರೂದೂ ಇಲ್ಲ, ಇಳಿಯೂದೂ ಇಲ್ಲರಿ ಕಾಕಾ," ಎಂದ ಹುಡುಗ ಹೆಮ್ಮೆಯಿಂದ.

ಬೇರೆ ಯಾರ ಮನೆಯಲ್ಲಾದರೂ ಈ ಮಾತಿಗೆ ಮದುವೆ ಗಟ್ಟಿಯಾಗುತ್ತಿತ್ತು. ನಮ್ಮ ಮನೆಯಲ್ಲಿ ಅಲ್ಲಿಗೇ ಕೆಟ್ಟಿತು. ಬೆಲ್ಲದ ಪೇಟೆಯಲ್ಲಿ ಬೆಳಗಿನ ದರ ಮಧ್ಯಾಹ್ನಕ್ಕಿರುವುದಿಲ್ಲ. ಒಂದು ವೇಳೆ ಇದ್ದರೆ, ಕೊಳ್ಳುವವರೆಲ್ಲ ಟವೆಲ್ಲಿನ ಕೆಳಗೆ ಬೆರಳು ಹಿಡಿದುಕೊಂಡು ಒಳಗೊಳಗೇ ದರ ಮಾತಾಡಿಕೊಂಡಿದ್ದಾರೆ ಎಂದೇ ಅರ್ಥ. ಹಿಂದೊಮ್ಮೆ ಹಾಗೆ ವಾರಗಟ್ಟಲೆ ನಿಂತ ದರ ಒಮ್ಮೆಲೇ ಕುಸಿದು ಅಪ್ಪ ಕೈ ಸುಟ್ಟುಕೊಂಡಿದ್ದ. ಆದ್ದರಿಂದ ಏರಿಳಿಯುವ ದರಕ್ಕೆ ಅವನು ಹೆದರುತ್ತಿರಲಿಲ್ಲ, ನಿಂತ ದರಕ್ಕೆ ಹೆದರುತ್ತಿದ್ದ.

ಬಂದವರು ಬಾಗಿಲು ದಾಟಿದ್ದೇ ತಡ, ಅಪ್ಪ ಶುರು ಮಾಡಿದ.

"ಇಪ್ಪತ್ತ ವರ್ಷ ಅಲುಗದ ದರ ಯಾವ ಪೇಟ್ಯಾಗ ಐತಿ? ಯಾರೋ ಅದನ್ನ ಹಿಡಕೊಂಡ ನಿಂತಾರ. ಇಲ್ಲಾ, ಈ ಹುಡುಗ ಸುಳ್ಳ ಗೆರಿ ಎಳದಾನ."

ಒಂದು ಅನುಮಾನ ಬಂದರೆ ಅದರ ಹಿಂದೆ ಹತ್ತು ಬರುತ್ತವೆ. ಅಲ್ಲಿ ಇನ್ನೊಂದು ಸಂಸಾರ ಇರಬಹುದು. ಕೆಮಿಸ್ಟ್ ಅಲ್ಲ, ಬರೀ ಚೀಲ ಹೊರುವವನಿರಬಹುದು. ಹುಡುಗನನ್ನು ವಿಚಾರಿಸಲು ಅಲಖನೂರಿಗೆ, ಪಾಲಬಾವಿಗೆ, ಚಿಕ್ಕೋಡಿಗೆ ಜನ ಹೋದರು. ಎಲ್ಲ ಕಡೆಯಿಂದ ಒಳ್ಳೆಯ ಮಾತೇ ಬಂತು. ಎಲ್ಲರೂ ಒಂದೇ ಮಾತು ಹೇಳುತ್ತಿದ್ದಾರೆಂದರೆ ಅವರಿಗೆ ಮೊದಲೇ ಹೇಳಿಕೊಟ್ಟಿರಬೇಕು ಎಂದು ಅಪ್ಪ ತೀರ್ಮಾನಿಸಿದ. ನನಗೆ ಮೈಯೆಲ್ಲ ಉರಿಯಿತು. ಈ ಮನುಷ್ಯ ನನ್ನನ್ನು ಜನ್ಮದಲ್ಲಿ ಮದುವೆಯಾಗಗೊಡುವುದಿಲ್ಲ ಎನಿಸಿತು.

ಅಪ್ಪನ ಬಾಯಿ ಮುಚ್ಚಿಸಲೇಬೇಕೆಂದು ನಾನೇ ಮೊಬೈಲಿನಲ್ಲಿ ಆ ದರವನ್ನು ಹುಡುಕಿದೆ. ಗೆರೆ ಸುಳ್ಳಾಗಿರಲಿಲ್ಲ. ದರ ಅಲುಗದಂತೆ ಸರಕಾರಗಳೇ ಕಟ್ಟಿಹಾಕಿದ್ದವು. ಅಲ್ಲಿಗೇ ಬಿಡಬಹುದಿತ್ತು, ಆದರೆ ನಾನೂ ಅವನ ಮಗಳೇ ತಾನೆ. ಯುರೋ ಬರುವ ಮೊದಲು ಏನಿತ್ತು ಎಂದು ಹಿಂದಕ್ಕೆ ಹೋದೆ. ಆಗ ಫ್ರಾನ್ಸಿನ ಒಂದು ಫ್ರಾಂಕಿಗೆ ಅಲ್ಲಿಯ ಐವತ್ತು. ದಶಕಗಟ್ಟಲೆ ಅದೇ ಐವತ್ತು, ಅದೇ ನೆಟ್ಟನೆಯ ಗೆರೆ. ಆಮೇಲೆ ತೊಂಬತ್ನಾಲ್ಕರ ಜನವರಿಯಲ್ಲಿ ಒಂದು ದಿನ, ನೂರು. ಅಲ್ಲಿಯ ಜನರ ದುಡ್ಡು ಬೆಳಗಾಗುವಷ್ಟರಲ್ಲಿ ಅರ್ಧವಾಗಿತ್ತು.

ಅಪ್ಪನ ಮಾತೇ ನಿಜವಾಗಿತ್ತು. ಅದಕ್ಕಿಂತ ಕೆಟ್ಟ ಯೋಚನೆ ಆಮೇಲೆ ಬಂತು. ಹುಡುಗ ತೋರಿಸಿದ ಚಿತ್ರ ಆ ಕುಸಿತದ ಈಚೆಗೆ ಶುರುವಾಗಿತ್ತು. ಯುರೋ ಬಂದದ್ದೇ ಆಮೇಲೆ, ಅದಕ್ಕೆ ಹಾಗಿರಬಹುದು. ಬೇಕೆಂತಲೇ ಅಷ್ಟನ್ನೇ ತೋರಿಸಿರಲೂಬಹುದು. ಉಪ್ಪು ಕಡಿಮೆ ಎಂದು ಮುಖಕ್ಕೇ ಹೇಳಿದವನು ಇದನ್ನು ಮಾತ್ರ ಯಾಕೆ ನುಂಗಿದ?

ತಡೆಯಲಾಗದೆ ಅವನಿಗೇ ಫೋನ್ ಮಾಡಿದೆ. ಕುಶಲ ಕೇಳಲಿಲ್ಲ, ನೇರವಾಗಿ ಆ ಅರ್ಧವಾದ ದಿನದ ವಿಷಯ ಗೊತ್ತಿತ್ತೇ ಎಂದೆ.

"ಗೊತ್ತಿತ್ತರಿ," ಎಂದ. "ಅಲ್ಲಿ ಹಿರ್ಯಾರು ಈಗೂ ಅದನ್ನ ನೆನಸ್ತಾರ. ಕಾಗವಾಡದಾಗ, ಅಥಣಿಯಾಗ ಹೆಣ್ಣ ನೋಡಾಕ ಹೋದಾಗ ಎಲ್ಲಾ ಬಿಚ್ಚಿ ಹೇಳಿದ್ನಿ. ಎರಡೂ ಕಡೆ ಬ್ಯಾಡ ಅಂದ್ರು. ನಿಮ್ಮ ಮನ್ಯಾಗ ಬ್ಯಾಡ ಅನಿಸಿಕೊಳ್ಳಾಕ ಮನಸ್ಸಾಗಲಿಲ್ಲರಿ."

ಮೊದಲಿನ ಮಾತನ್ನು ತಾಳೆ ನೋಡಬಹುದು, ಕಾಗವಾಡಕ್ಕೆ ಜನ ಕಳಿಸಿದರಾಯಿತು. ಕೊನೆಯ ಮಾತಿಗೆ ಯಾರನ್ನು ಎಲ್ಲಿಗೆ ಕಳಿಸುವುದು? ಫೋನ್ ಇಟ್ಟ ಮೇಲೆ ಸಿಟ್ಟು ಹುಡುಕಿದರೂ ಸಿಗಲಿಲ್ಲ.

ಅಪ್ಪನಿಗೆ ಎಲ್ಲವನ್ನೂ ಹೇಳಿದೆ, ಆ ಕೊನೆಯ ಮಾತನ್ನೂ ಬಿಡದೆ. ನೋಡು, ನಾ ಹೇಳಲಿಲ್ಲೇನು ಎಂದು ಎದೆಯುಬ್ಬಿಸುತ್ತಾನೆ, ಮಾತುಕತೆ ಮುಗಿಯಿತು ಎನ್ನುತ್ತಾನೆ ಎಂದುಕೊಂಡಿದ್ದೆ. ಅವನು ಎಲೆ ಅಡಿಕೆ ಜಗಿಯುತ್ತ ಕೊನೆಯವರೆಗೂ ಕೇಳಿದ. ಆಮೇಲೆ, ಬಂದ ಸಂಬಳವನ್ನು ಅಲ್ಲಿಟ್ಟುಕೊಳ್ಳದೆ ತಿಂಗಳು ತಿಂಗಳು ರೂಪಾಯಿ ಮಾಡಿಸಬೇಕು, ಅವನಿಗೆ ಹಾಗಂತ ಹೇಳು ಎಂದ. ಅಂದರೆ ಅಪ್ಪ ಒಪ್ಪಿದ್ದ. ಮುಚ್ಚಿಟ್ಟವನನ್ನು ಹೇಗೆ ಒಪ್ಪಿದೆ ಎಂದು ನಾನೇ ಜಗಳಕ್ಕೆ ನಿಂತೆ.

"ಯಾಕ ಮುಚ್ಚಿಟ್ಟಾ ಅಂತ ತಿಳೀತು, ಅವನ ಮ್ಯಾಲಿನ ಸಂಶೇ ತೀರಿತವ್ವಾ," ಎಂದ ಅಪ್ಪ. "ಈಗ ಇರೂದ ನಿನ್ನ ಮ್ಯಾಲ. ಹಿಂದ ಬಂದವ್ರನ್ನ ನಾ ಒಲ್ಲೆ ಅಂದ್ರ ನೀ ಒಂದ ಮಾತ ಕೇಳಿದಾಕಿ ಅಲ್ಲ. ಇವನ ಸಲುವಾಗಿ ನೀ ಹುಟ್ಟೂಕಿಂತ ಹಿಂದಿನ ದರ ತಗದ ನೋಡಿದಿ."

ಈ ಹುಡುಗ ಬಂದಾಗಿನಿಂದ ಅಪ್ಪನ ಒಂದೊಂದು ಅನುಮಾನಕ್ಕೂ ನಾನು ಎದುರುತ್ತರ ಕೊಟ್ಟವಳು. ಇದೊಂದನ್ನು ಹಾಗೆಯೇ ಬಿಟ್ಟು, ತಿಂಗಳು ತಿಂಗಳು ರೂಪಾಯಿ ಮಾಡಿಸಬೇಕಂತೆ ಎಂದು ಹೇಳಲು ಅವನಿಗೆ ಫೋನ್ ಮಾಡಿದೆ.